ಅಂಗಾಲಕ್ಕ ಹೇಳಿದ ಒಂದು ಸುಳ್ಳು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಊರಿನ ಓಟಗಾರರ ಬಾಯಲ್ಲಿ ಅವಳು ಅಂಗಾಲಕ್ಕ. ಬೂಟಿನಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಮಂಡಿಯೂರಿ ಕೂತು ಕಂಡವರ ಅಂಗಾಲನ್ನು ಅಂಗೈಯಲ್ಲಿಟ್ಟು ನೋಡಿದವಳು. ಮುಖ ಕಂಡರೆ ಗುರುತು ಹತ್ತದ ಗಿರಾಕಿ ಕಾಲುಚೀಲ ಬಿಚ್ಚಿದರೆ ಸಾಕು, "ಓಹೋ, ನೀವಾ! ಎಡಗಾಲಿನ ಉಗುರು ಮತ್ತೆ ಬಂತಲ್ಲ" ಎನ್ನುತ್ತಿದ್ದಳು.

ಕಾಲಿಗೆ ಬುದ್ಧಿ ಹೇಳುವುದು ಎಂದರೆ ಉಳಿದವರಿಗೆ ಪರಾರಿಯಾಗುವುದು. ಅವಳು ಮಾತ್ರ ನಿಜವಾಗಿ ಕಾಲಿನ ಮುಂದೆ ಕೂತೇ ಬುದ್ಧಿ ಹೇಳುತ್ತಿದ್ದಳು. ಬೆಳಿಗ್ಗೆ ಬೂಟು ಕೊಳ್ಳಲು ಬಂದವರನ್ನು ಸಂಜೆ ಬನ್ನಿ ಎಂದು ಅಟ್ಟುತ್ತಿದ್ದಳು. ದಿನವೆಲ್ಲ ಓಡಾಡಿ ಸಂಜೆಗೆ ಊದಿದ ಕಾಲೇ ನಿಜವಾದ ಅಳತೆಯಂತೆ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಮಲಗೋರಿಗೆ. ಓಡೋರು ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬಿಡ್ಬೇಕು" ಎನ್ನುತ್ತಿದ್ದಳು. ಗಿರಾಕಿ ಹಾಕಿಕೊಂಡು ಬಂದ ಹಳೇ ಬೂಟನ್ನು ದೀಪಕ್ಕೆ ಹಿಡಿದು, ಹಿಮ್ಮಡಿ ಸವೆದದ್ದನ್ನು ನೋಡಿ, "ಇದರಲ್ಲಿನ್ನೂ ಇನ್ನೂರು ಕಿಲೋಮೀಟರ್ ಇದೆ, ಹೊಸದು ಯಾಕೆ? ಮನೆಗೆ ಹೋಗಿ" ಎಂದು ಕಳಿಸಿಬಿಡುತ್ತಿದ್ದಳು.

"ನೀನು ಕೆಲಸ ಮಾಡ್ತಿರೋದು ನನ್ನಂಗಡಿಲೋ, ಎದುರಂಗಡಿಯವನ ಪರವಾಗೋ?" ಎಂದು ಹಳೇ ಯಜಮಾನರು ನಗುತ್ತಿದ್ದರು. ನಗಲು ಕಾರಣವೂ ಇತ್ತು. ಹಾಗೆ ಬರಿಗೈಯಲ್ಲಿ ಹೋದವನು ಆರು ತಿಂಗಳಿಗೆ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಿದ್ದ.

ಅವಳಿಗೆ ಈ ವಿದ್ಯೆ ಪುಕ್ಕಟೆ ಬಂದದ್ದಲ್ಲ. ಹದಿನೇಳರಲ್ಲಿ ಅವಳೂ ಓಡುತ್ತಿದ್ದಳು, ಚೆನ್ನಾಗಿಯೇ ಓಡುತ್ತಿದ್ದಳು. ಮೊಣಕಾಲಿನ ಕೆಳಗೆ ನೋವು ಅಂದಾಗ ಶಾಲೆಯ ಆಟದ ಮೇಷ್ಟ್ರು, "ನೋವಲ್ಲ ಅದು, ಸೋಮಾರಿತನ. ಓಡು" ಅಂದಿದ್ದರು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ, ಓಡಿದಳು. ಮುಂಗಾಲ ಮೂಳೆ ಬಿರುಕು ಬಿಟ್ಟಿತು. ಆಮೇಲೆ ಬಸ್ಸಿಗಾಗಿ ಕೂಡ ಓಡಲಿಲ್ಲ. ತನ್ನ ಮಾತು ನಂಬಿದ ಒಂದು ಕಾಲೂ ಮುರಿಯಬಾರದು ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಮದುವೆಯಾಗಲಿಲ್ಲ. ಅಣ್ಣನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದಳು. ಅತ್ತಿಗೆ ಕೆಟ್ಟವಳೇನಲ್ಲ, ಆದರೆ ಹಾಲು ಕಾಯಿಸುತ್ತ, ಪಾತ್ರೆ ತೊಳೆಯುತ್ತ, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡುವ ಕಲೆ ಅವಳಿಗೆ ಗೊತ್ತಿತ್ತು. "ಕೆಲಸ ಇದೆ, ಅದಕ್ಕೇ ಮರ್ಯಾದೆಯಾಗಿ ನಡೀತಿದೆ. ನಾಳೆ ಹೇಗೋ ಏನೋ." ಈ ಮಾತು ಮೆಟ್ಟಿಲು ಹತ್ತಿ ಮೇಲಿನ ಕೋಣೆಯವರೆಗೂ ಬರುತ್ತಿತ್ತು.

ಅಂಚೆಯವರು ಅಂಗಡಿಗೆ ಬಂದದ್ದು ಹಳೇ ಯಜಮಾನರ ಕಾಲದ ಕೊನೆಯಲ್ಲಿ. ನಲವತ್ತೆಂಟು ವಯಸ್ಸಿನ ಪೋಸ್ಟ್‌ಮ್ಯಾನ್. ಸಕ್ಕರೆ ಕಾಯಿಲೆ ಶುರುವಾಗಿದೆ, ಓಡಿ ಅಂದಿದ್ದರು ಡಾಕ್ಟರು. ಮೊದಲ ದಿನ ಅರ್ಧ ಕಿಲೋಮೀಟರ್ ಓಡಿ, ಮೋರಿಕಟ್ಟೆ ಮೇಲೆ ಕೂತು, ಯಾರಾದರೂ ನೋಡಿದರೇನೋ ಎಂದು ಚೀಲದಿಂದ ಕಾಗದ ತೆಗೆದು ವಿಳಾಸ ಓದಿದಂತೆ ನಟಿಸಿದ್ದರಂತೆ. ಅದನ್ನು ಅವರೇ ಹೇಳಿಕೊಂಡು ನಕ್ಕರು.

"ಜೋರಾಗಿ ಓಡಿದ್ದೀರಿ, ಅದಕ್ಕೇ," ಅಂದಳು ಅಂಗಾಲಕ್ಕ. "ಓಡುವಾಗ ಮಾತಾಡೋಕೆ ಬರ್ಬೇಕು. ಮಾತು ತುಂಡಾದ್ರೆ ನಿಧಾನ ಮಾಡಿ."

"ಒಬ್ಬನೇ ಓಡ್ತೀನಕ್ಕ. ಯಾರ ಜೊತೆ ಮಾತಾಡ್ಲಿ?"

"ನಿಮ್ಮ ಬೀದಿಗಳ ಮನೆ ನಂಬರ್ ಹೇಳ್ಕೊಂಡು ಓಡಿ."

ಅವರು ಅದನ್ನೇ ಮಾಡಿದರು. ಹಾಲು ಹಾಕುವವರು, ಪೇಪರಿನವರು ಎಲ್ಲರೂ ಕೇಳುವಂತೆ, "ಹನ್ನೊಂದು, ದರ್ಜಿ ಮನೆ. ಹನ್ನೆರಡು, ನಾಯಿ ಇದೆ. ಹದಿಮೂರು, ಬೀಗ" ಎಂದು ಹೇಳಿಕೊಂಡು ಓಡುವ ಪೋಸ್ಟ್‌ಮ್ಯಾನ್ ಆ ಕಡೆಯ ಜನರಿಗೆಲ್ಲ ತಮಾಷೆಯಾದರು. ವಾರಕ್ಕೆ ಸ್ವಲ್ಪವೇ ದೂರ ಏರಿಸಿ, ನಾಲ್ಕನೇ ವಾರ ಇಳಿಸಿ ಎಂದಳು. ಹತ್ತಿಯ ಕಾಲುಚೀಲ ಬೆವರು ಹಿಡಿದು ಬೊಬ್ಬೆ ಎಬ್ಬಿಸುತ್ತದೆ, ಬೇರೆ ತಗೊಳ್ಳಿ ಎಂದಳು. ಅಂದದ್ದಷ್ಟನ್ನೂ ಅವರು ಶಾಲೆ ಹುಡುಗನ ಹಾಗೆ ಪಾಲಿಸಿದರು. ಎರಡು ವರ್ಷದಲ್ಲಿ ಸಕ್ಕರೆ ಇಳಿಯಿತು, ಹೊಟ್ಟೆ ಇಳಿಯಿತು. ಮೂರನೇ ವರ್ಷ, ಊರಿನ ನಲವತ್ತೆರಡು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟರು.

ಅಷ್ಟರಲ್ಲಿ ಹಳೇ ಯಜಮಾನರು ತೀರಿಕೊಂಡು ಅವರ ಮಗಳು ಗಲ್ಲಾದ ಮೇಲೆ ಕೂತಿದ್ದಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೇಡಂ ಮಾತಿನಲ್ಲೂ ನ್ಯಾಯ ಇತ್ತು, ಇಲ್ಲ ಅನ್ನಲಾಗದು. "ನೀವು ಅರ್ಧ ಗಂಟೆ ಕಾಲು ಹಿಡ್ಕೊಂಡು ಕೂರ್ತೀರ. ಅವರು ಅಳತೆ ತಿಳ್ಕೊಂಡು ಹೊರಗೆ ಹೋಗಿ ಫೋನಲ್ಲಿ ತರಿಸ್ಕೋತಾರೆ. ನಾವೇನು ಧರ್ಮಛತ್ರ ನಡೆಸ್ತಿದ್ದೀವಾ?" ಕಿಟಕಿಯ ತುಂಬ ಹೊಸ ನಮೂನೆಯ ಕಿತ್ತಳೆ ಬೂಟುಗಳು ಬಂದು ಕೂತಿದ್ದವು. ಎರಡು ಬೆರಳು ದಪ್ಪದ ಸ್ಪಂಜಿನ ಅಟ್ಟೆ, ಅದರ ನಡುವೆ ಬಾಗದ ಗಟ್ಟಿ ಹಾಳೆ. ವೇಗದ ಓಟಗಾರರಿಗೆ ಮಾಡಿದ ಬೂಟು. ನಿಧಾನದವರ ಕಾಲಿಗೆ ಅದರಿಂದ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು ಎಂದು ಅಂಗಾಲಕ್ಕ ಇಬ್ಬರು ಗಿರಾಕಿಗಳಿಗೆ ಹೇಳಿದಳು. ಇಬ್ಬರೂ ಎದ್ದು ಹೋದರು.

ಮೇಡಂ ಅವಳನ್ನು ಗೋದಾಮಿಗೆ ಕರೆದಳು. ದನಿ ಏರಿಸಲೇ ಇಲ್ಲ. "ಅಪ್ಪ ಸಹಿಸ್ಕೊಂಡ್ರು, ನನ್ನ ಕೈಲಾಗಲ್ಲ. ಇನ್ನೊಬ್ಬರನ್ನ ಬರಿಗೈಲಿ ಕಳಿಸಿದ್ರೆ ಮಾರನೇ ದಿನದಿಂದ ನೀವೂ ಬರೋದು ಬೇಡ."

ಐವತ್ತೊಂದು ವಯಸ್ಸು. ಕಾಲು ನೋಡುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. "ಆಯ್ತು ಮೇಡಂ" ಅಂದಳು.

ಅದೇ ಸಂಜೆ ಅಂಚೆಯವರು ಬಂದರು. ಓಟಕ್ಕೆ ಮೂರು ವಾರ ಇತ್ತು. ಕಚೇರಿಯವರೆಲ್ಲ ಸೇರಿ ಅವರಿಗೊಂದು ಉಡುಗೊರೆ ಎಂದು ಹಣ ಕೂಡಿಸಿದ್ದರಂತೆ, ಸ್ಟಾಂಪು ಮಾರುವ ಮುದುಕರವರೆಗೂ. "ಕಿಟಕೀಲಿರೋದೇ ತಗೊಳ್ಳಿ ಅಂತ ಎಲ್ಲರ ಹಟ. ನಾನಂದೆ, ಅಂಗಾಲಕ್ಕ ಹೂಂ ಅಂದ್ರೆ ಮಾತ್ರ."

ಮಂಡಿಯೂರಿ ಅವರ ಬಲಗಾಲು ನೋಡಿದಳು. ಸರಿ ಇತ್ತು. ಎಡಗಾಲು ಎತ್ತಿಕೊಂಡಳು. ಬೆರಳುಗಳ ಹಿಂದೆ, ಪಾದದ ಮೇಲ್ಭಾಗದಲ್ಲಿ ಒಂದು ಕಡೆ ಬಿಸಿ ಇತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ನೋವಾ?"

"ಸ್ವಲ್ಪ. ಒಂದು ವಾರದಿಂದ. ಏನದು ಅಕ್ಕ?"

ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೂದಲೆಳೆಯಂಥ ಬಿರುಕು ಬಿಡಲು ಹೊರಟ ಮೂಳೆ ಹೀಗೆಯೇ ಒಂದೇ ಚುಕ್ಕೆಯಲ್ಲಿ ನೋಯುತ್ತದೆ, ಹೀಗೆಯೇ ಬಿಸಿಯಾಗುತ್ತದೆ. ಆರು ವಾರ ಓಡಬೇಡಿ, ಈ ವರ್ಷದ ಓಟ ಬಿಡಿ, ಡಾಕ್ಟರಿಗೆ ತೋರಿಸಿ. ಮೂರು ಮಾತು. ಮೂರೂ ನಾಲಿಗೆ ತುದಿಯವರೆಗೆ ಬಂದವು. ತಲೆ ಎತ್ತಿದಳು. ಗಲ್ಲಾದ ಹತ್ತಿರ ಮೇಡಂ ಕೈಕಟ್ಟಿ ನೋಡುತ್ತ ನಿಂತಿದ್ದಳು.

"ಏನೂ ಇಲ್ಲ," ಅಂದಳು ಅಂಗಾಲಕ್ಕ. "ಹಳೇ ಬೂಟಿನ ಲೇಸು ಬಿಗಿಯಾಗಿರ್ಬೇಕು. ಇದು ಮೆತ್ತಗಿದೆ, ಆರಾಮಾಗುತ್ತೆ."

ಅಂಚೆಯವರ ಮುಖ ಅರಳಿತು. "ನೀವಂದ ಮೇಲೆ ಮುಗೀತು!" ಕಿತ್ತಳೆ ಬೂಟು ಹಾಕಿಕೊಂಡು ಅಂಗಡಿಯೊಳಗೇ ಎರಡು ಸುತ್ತು ಓಡಿದರು. ಮೇಡಂ ಕೂಡ ನಕ್ಕಳು.

ಆ ರಾತ್ರಿಯಿಂದ ಅವಳಿಗೆ ಊಟ ಸೇರಲಿಲ್ಲ. ಮೂರನೇ ದಿನ ಅಂಗಡಿ ಪುಸ್ತಕದಿಂದ ನಂಬರು ಬರೆದುಕೊಂಡು, ಬಸ್ ಸ್ಟಾಪಿನಲ್ಲಿ ನಿಂತು ಫೋನು ಮಾಡಿದಳು. ಆ ಕಡೆಯಿಂದ ಒಂದೇ ಸಂಭ್ರಮ. "ಅಕ್ಕಾ! ಇಡೀ ಆಫೀಸು ಬೂಟು ನೋಡೋಕೆ ಸೇರಿತ್ತು!" ಓಡಬೇಡಿ ಎಂದರೆ ಬೂಟು ವಾಪಸು ತರುತ್ತಾರೆ. ಯಾಕೆ ಎಂದು ಮೇಡಂ ಕೇಳುತ್ತಾಳೆ. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಹೊಸ ಬೂಟಲ್ವಾ, ಸ್ವಲ್ಪ ಕಡಿಮೆ ಓಡಿ," ಅಂದಳು. "ಹೂಂ ಅಕ್ಕ, ಕಡಿಮೇನೇ ಓಡ್ತಿದ್ದೀನಿ." ಅರ್ಧ ಸತ್ಯ ಹೇಳಿ ಇಡೀ ಸಮಾಧಾನ ತಂದುಕೊಳ್ಳಲು ನೋಡಿದಳು. ಸಮಾಧಾನವೇನೂ ಬರಲಿಲ್ಲ.

ಓಟದ ದಿನ ಪ್ರತಿ ವರ್ಷ ಅವಳು ಮೂವತ್ತನೇ ಕಿಲೋಮೀಟರಿನ ಹತ್ತಿರ ನೀರಿನ ಕ್ಯಾನು, ವ್ಯಾಸಲೀನ್ ಡಬ್ಬಿ ಹಿಡಿದು ನಿಲ್ಲುತ್ತಿದ್ದಳು. ಜನ ಕುಸಿಯುವುದು ಅಲ್ಲಿಯೇ. ಆ ವರ್ಷವೂ ನಿಂತಳು. ದೂರದಿಂದಲೇ ಕಿತ್ತಳೆ ಬಣ್ಣ ಕಂಡಿತು. ಅಂಚೆಯವರು ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ, ಹೊರ ಅಂಚಿನ ಮೇಲೆ ಎಳೆದುಕೊಂಡು ಬರುತ್ತಿದ್ದರು. ತುಟಿ ಬಿಳುಚಿತ್ತು. ಮನೆ ನಂಬರೂ ಇಲ್ಲ, ಮಾತೂ ಇಲ್ಲ.

ಅವಳು ರಸ್ತೆಗೆ ನುಗ್ಗಿದಳು. "ನಿಲ್ಲಿ! ಓಡ್ಬೇಡಿ, ನಿಂತ್ಬಿಡಿ!"

ಅವರು ಅವಳನ್ನು ನೋಡಿ ನಗಲು ಪ್ರಯತ್ನಿಸಿದರು. "ಏನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ, ಅಕ್ಕ," ಎಂದು ಏದುಸಿರಿನಲ್ಲಿ ಅಂದು ಪಕ್ಕದಿಂದ ದಾಟಿ ಹೋದರು.

ನಾನೂರು ಹೆಜ್ಜೆ ಹೋಗಿರಬಹುದು. ಸೇತುವೆಯ ತಿರುವಿನಲ್ಲಿ ಕುಸಿದು ಕೂತವರು ಏಳಲಿಲ್ಲ.

ಒಂದರ ಪಕ್ಕದಲ್ಲಿ ಇನ್ನೊಂದು, ಎರಡು ಮೂಳೆ ಮುರಿದಿದ್ದವು. ಸಕ್ಕರೆ ಕಾಯಿಲೆಯ ಮೈ, ಬೇಗ ಕೂಡಲಿಲ್ಲ. ಕೂಡಿದಾಗ ಸೊಟ್ಟಗೆ ಕೂಡಿತು. ದಿನಕ್ಕೆ ಹತ್ತು ಕಿಲೋಮೀಟರ್ ನಡೆದು ಕಾಗದ ಹಂಚುತ್ತಿದ್ದವರನ್ನು ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಾಗದ ವಿಂಗಡಿಸುವ ಮೇಜಿನ ಮುಂದೆ ಕೂರಿಸಿದರು. ಇಳಿದಿದ್ದ ಸಕ್ಕರೆ ಮತ್ತೆ ಏರಿತು.

ನಾಲ್ಕು ತಿಂಗಳ ಮೇಲೆ ಅವಳು ಅವರ ಮನೆಗೆ ಹೋದಳು. ಅವರ ಹೆಂಡತಿ ಕುರ್ಚಿ ಹಾಕಿ, ನೀರು ಕೊಟ್ಟು, ಅಡುಗೆಮನೆ ಬಾಗಿಲಲ್ಲಿ ನಿಂತಳು. ಅಂಚೆಯವರೇ ಅವಳಿಗೆ ಸಮಾಧಾನ ಹೇಳತೊಡಗಿದರು. "ನೀವ್ಯಾಕೆ ಹೀಗೆ ಇಳಿದು ಹೋಗಿದ್ದೀರಿ? ನಾನೇ ಎಲ್ಲೋ ನಿಮ್ಮ ಮಾತು ಮೀರಿ ಜಾಸ್ತಿ ಓಡಿರ್ಬೇಕು. ನಮ್ಮ ಆಫೀಸಿನವರು ಬೂಟಿನದೇ ತಪ್ಪು ಅಂದ್ರು. ನಾನಂದೆ, ಅಂಗಾಲಕ್ಕ ನೋಡಿ ಕೊಟ್ಟ ಬೂಟು, ಅದರ ತಪ್ಪಿರೋಕೆ ಸಾಧ್ಯ ಇಲ್ಲ."

ಗಾಯದ ಮೇಲೆ ಉಪ್ಪು ಹಾಕಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು," ಅಂದಳು. "ಕಾಲು ಮುಟ್ಟಿದಾಗಲೇ ಗೊತ್ತಾಯ್ತು. ಮೇಡಂ ನೋಡ್ತಿದ್ರು. ಕೆಲಸ ಹೋಗುತ್ತೆ ಅಂತ ಹೇಳ್ಲಿಲ್ಲ."

ಅಂಚೆಯವರು ಎಡಗಾಲನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ, "ಗೊತ್ತಿಲ್ದೆ ಹೇಳಿದ್ರಿ ಅಂತಲೇ ಇರಲಿ ಬಿಡಿ," ಅಂದರು. "ನಂಗೆ ಅದೇ ಸುಲಭ. ಇದನ್ನ ಯಾಕೆ ಹೇಳೋಕೆ ಬಂದ್ರಿ?"

ಹೇಳಿದರೆ ತನ್ನ ಎದೆ ಹಗುರಾದೀತು ಎಂದು ಬಂದಿದ್ದಳು. ಅವರ ಹತ್ತಿರ ಉಳಿದಿದ್ದ ಒಂದು ನಂಬಿಕೆಯನ್ನೂ ಕಿತ್ತುಕೊಂಡಂತಾಯಿತು. ಬಾಗಿಲಲ್ಲಿದ್ದ ಹೆಂಡತಿ ಬಂದು ಖಾಲಿಯಾಗದ ನೀರಿನ ಲೋಟ ಎತ್ತಿಕೊಂಡಳು. "ಇನ್ನು ಬರ್ಬೇಡಿ," ಅಂದಳು, ಅಷ್ಟೇ.

ಮಾರನೇ ದಿನ ಅಂಗಡಿಗೆ ಕಾಲೇಜಿನ ಹುಡುಗಿಯೊಬ್ಬಳು ಕಿತ್ತಳೆ ಬೂಟು ಕೇಳಿಕೊಂಡು ಬಂದಳು. ಓಡಲು ಶುರು ಮಾಡಿ ಎರಡು ತಿಂಗಳಾಗಿತ್ತು. "ನಿಂಗಿದು ಬೇಡಮ್ಮ," ಅಂದಳು ಅಂಗಾಲಕ್ಕ, ಮೇಡಂಗೆ ಕೇಳಿಸುವಷ್ಟು ಗಟ್ಟಿಯಾಗಿ. "ಕಾಲಲ್ಲಿರೋದೇ ಚೆನ್ನಾಗಿದೆ. ನಿಧಾನವಾಗಿ ಓಡು. ಎಲ್ಲಾದ್ರೂ ಒಂದೇ ಕಡೆ ನೋವು ಬಂದ್ರೆ ಓಡೋದು ನಿಲ್ಲಿಸು. ಯಾರು ಏನು ಹೇಳಿದ್ರೂ ಕೇಳ್ಬೇಡ. ನಾನು ಹೇಳಿದ್ರೂ ಕೇಳ್ಬೇಡ."

ಹುಡುಗಿ ಗಲಿಬಿಲಿಯಾಗಿ ಹೋದಳು. ಮೇಡಂ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಸಂಜೆಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದಳು.

ನಡೆದದ್ದನ್ನೆಲ್ಲ ಅವಳ ಬಾಯಿಂದಲೇ ಕೇಳಿದ ಅತ್ತಿಗೆ ಈ ಸಲ ಪಾತ್ರೆಗೆ ಹೇಳಲಿಲ್ಲ, ನೇರವಾಗಿ ಅವಳಿಗೇ ಹೇಳಿದಳು. "ಬಾಯಿ ಮುಚ್ಕೊಂಡಿರ್ಬೇಕಾದಾಗ ಬಿಡ್ತೀಯ, ಬಿಡಬೇಕಾದಾಗ ಮುಚ್ಕೋತೀಯ. ನಿನ್ನಂಥೋರಿಗೆ ಏನು ಹೇಳೋಣ?" ಅಣ್ಣ ಟೀವಿಯ ಸದ್ದು ಜಾಸ್ತಿ ಮಾಡಿದ. ಅತ್ತಿಗೆಯ ಮಾತು ತಪ್ಪು ಎಂದು ಹೇಳಲು ಅವಳಿಗೂ ಆಗಲಿಲ್ಲ.

ಈಗ ಅವಳು ಊರಿನ ಇನ್ನೊಂದು ತುದಿಯಲ್ಲಿ ಶಾಲಾ ಸಮವಸ್ತ್ರದ ಅಂಗಡಿಯಲ್ಲಿದ್ದಾಳೆ. ಕಪ್ಪು ಬೂಟು ಮಾರುತ್ತಾಳೆ. ಎರಡು ವರ್ಷ ಬಾಳಲಿ ಎಂದು ತಾಯಂದಿರು ಎರಡು ಸೈಜು ದೊಡ್ಡದು ಕೇಳುತ್ತಾರೆ. ಅವಳು ಎದುರಾಡದೆ ಪೆಟ್ಟಿಗೆ ಇಳಿಸಿ ಕೊಡುತ್ತಾಳೆ. ಅಲ್ಲಿ ಯಾರಿಗೂ ಅವಳು ಅಂಗಾಲಕ್ಕ ಅಲ್ಲ.

ಹೋಗಿಬರುವ ಬಸ್ಸು ಹಳೇ ಅಂಗಡಿಯ ಮುಂದೆಯೇ ಹಾಯುತ್ತದೆ. ಓಟದ ದಿನ ಯಾರೋ ತೆಗೆದ ಫೋಟೋವನ್ನು ಮೇಡಂ ಆಳೆತ್ತರಕ್ಕೆ ಮಾಡಿಸಿ ಕಿಟಕಿಗೆ ಅಂಟಿಸಿದ್ದಾಳೆ. ಹತ್ತನೇ ಕಿಲೋಮೀಟರಿನಲ್ಲೋ ಏನೋ ತೆಗೆದದ್ದು. ಅಂಚೆಯವರು ಬಾಯಿ ತೆರೆದು ಏನೋ ಹೇಳುತ್ತ ಓಡುತ್ತಿದ್ದಾರೆ, ಕಿತ್ತಳೆ ಬೂಟು ನೆಲ ಬಿಟ್ಟು ಎದ್ದಿದೆ. ಕೆಳಗೆ ದಪ್ಪಕ್ಷರದಲ್ಲಿ, ನಮ್ಮ ಗಿರಾಕಿ, ನಮ್ಮ ಹೆಮ್ಮೆ. ಅವರನ್ನು ಕೇಳಿ ಹಾಕಿದರೋ ಕೇಳದೆ ಹಾಕಿದರೋ ಅವಳಿಗೆ ಗೊತ್ತಿಲ್ಲ, ವಿಚಾರಿಸಲು ಮುಖವೂ ಇಲ್ಲ. ಮೊದಲು ಕೆಲವು ದಿನ ಬಸ್ಸಿನ ಆ ಬದಿಯಲ್ಲಿ ಕೂರುತ್ತಿರಲಿಲ್ಲ. ಈಗ ಸೀಟು ಸಿಕ್ಕಿದರೆ ಸಾಕು ಎಂದು ಎಲ್ಲಿ ಬೇಕಾದರೂ ಕೂರುತ್ತಾಳೆ.