ಕುಳ್ಳಿನ ಗೋಡೆ

ಖಾನಾಪುರದ ನನ್ನ ತಾಯಿಯ ತವರಿನಲ್ಲಿ ಬೆಳಗಾಗುತ್ತಿದ್ದುದು ಹಿತ್ತಲ ಕಡೆಯಿಂದ. ಮಂಜಿನೊಳಗೆ ಎಮ್ಮೆಗಳ ಬೆನ್ನಷ್ಟೇ ಕಾಣುತ್ತಿತ್ತು. ಅದರಾಚೆ ಪಟ್, ಪಟ್ ಎಂಬ ಸಪ್ಪಳ. ಆಯಿ, ಅಂದರೆ ನನ್ನ ತಾಯಿಯ ತಾಯಿ, ಗೋಡೆಗೆ ಸೆಗಣಿಯ ಕುಳ್ಳು ತಟ್ಟುತ್ತಿದ್ದಳು. ನಾನು ಕೌದಿ ಹೊದ್ದುಕೊಂಡೇ ಹೋಗಿ ಕಟ್ಟೆಯ ಮೇಲೆ ಕೂತು ಅರೆನಿದ್ದೆಯಲ್ಲಿ ನೋಡುತ್ತಿದ್ದೆ. ಕನಸು ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತಿತ್ತೋ ಇವತ್ತಿಗೂ ಹೇಳಲಾರೆ.

ನಡುವೆ ದೊಡ್ಡದೊಂದು ಕುಳ್ಳು, ಸುತ್ತ ಎಂಟು ಸಣ್ಣವು, ಅವುಗಳಾಚೆ ಬಳ್ಳಿ ಹಬ್ಬಿದ ಹಾಗೆ ಬಾಗಿದ ಸಾಲು. ತಟ್ಟಿದ ಮೇಲೆ ಅಂಗೈಯನ್ನು ತುಸು ತಿರುಗಿಸಿ ಎತ್ತುತ್ತಿದ್ದಳು. ಐದು ಬೆರಳು ಐದು ಎಸಳಾಗಿ ಉಳಿಯುತ್ತಿದ್ದವು. ಹೀಗ್ಯಾಕೆ ಎಂದು ಕೇಳಿದರೆ, ಹಾಗೆ ತಟ್ಟಿದರೆ ಬೇಗ ಒಣಗುತ್ತವೆ ಎಂದು ತೇಲಿಸಿಬಿಡುತ್ತಿದ್ದಳು. ಶುದ್ಧ ಸುಳ್ಳು.

ಅಜ್ಜ ತೀರಿಕೊಂಡ ಮೇಲೆ ಆಯಿ ಬಳೆ, ಕುಂಕುಮ, ಬಣ್ಣದ ಸೀರೆ ಬಿಟ್ಟಿದ್ದಳು. ಬಾಗಿಲ ಮುಂದಿನ ರಂಗೋಲಿಯನ್ನೂ. ಬಿಡು ಎಂದು ಯಾರೂ ಹೇಳಿರಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಆ ರಂಗೋಲಿಯೇ ಮನೆ ಸುತ್ತು ಹಾಕಿ ಹಿತ್ತಲ ಗೋಡೆ ಸೇರಿತ್ತು. ಇದು ನನಗೆ ಹೊಳೆದಿತ್ತು. ಹೊಳೆದೂ ಮಾಡಿದ್ದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬೆಳಗಾವಿಯಲ್ಲಿ ಚಿತ್ರಕಲೆ ಕಲಿಯುತ್ತ, ವಡಗಾವಿಯ ನೇಕಾರರಿಗೆ ಸೀರೆಯಂಚಿನ ಡಿಸೈನನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುತ್ತಿದ್ದೆ. ಒಂದು ಚೌಕ ಖಾಲಿ ಉಳಿದರೂ ಕೈ ತುರಿಸುತ್ತಿತ್ತು. ಅಲಂಕಾರದ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಭ ಬೇರೆ. ಖಾನಾಪುರದ ಮನೆಗೆ ಆಗಲೇ ಗ್ಯಾಸ್ ಬಂದಿತ್ತು. ಕುಳ್ಳು ಸುಡುವವರಿಲ್ಲದೆ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿದ್ದವು. ಆಯಿ ಮಾತ್ರ ತಟ್ಟುವುದನ್ನು ಬಿಟ್ಟಿರಲಿಲ್ಲ.

ಮಾಮಾನ ಮಗಳ ಮದುವೆ ಮನೆಯಲ್ಲೇ ಎಂದಾಯಿತು. ಊಟದ ಪಂಕ್ತಿ ಹಿತ್ತಲಲ್ಲಿ. ಬೀಗರ ಕಣ್ಣಿಗೆ ಕುಳ್ಳು ಬೀಳಬಾರದೆಂದು ಮಾಮಾ ಗೋಡೆ ಕೆರೆಸಿ ಸುಣ್ಣ ಬಳಿಸಿದ. ಆಯಿ ಮುಂಜಾನೆ ಬಂದು ಬರಿಗೋಡೆಯನ್ನು ನೋಡುತ್ತ ನಿಲ್ಲುತ್ತಿದ್ದಳು. ನಾನು ಏಣಿ ಹಾಕಿ, ಎರಡು ದಿನ ಊಟ ಮರೆತು, ಅವಳದೇ ಹೂವು, ಅವಳದೇ ಬಳ್ಳಿಯನ್ನು ಗೋಡೆಯ ಆ ತುದಿಯಿಂದ ಈ ತುದಿವರೆಗೆ ಬರೆದೆ. ಖಾನಾಪುರದ ಮಳೆಗೂ ಅಳಿಯಬಾರದೆಂದು ಆಯಿಲ್ ಪೇಂಟಿನಲ್ಲಿ. ಆಯಿ ನೋಡಿ ನಕ್ಕಳು. ಅವಳ ಪಾಲಿಗೆ ರಂಗೋಲಿ ಎಂದರೆ ಮರುದಿನ ಅಳಿಸಿ ಮತ್ತೆ ಹಾಕುವಂಥದ್ದು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಮದುವೆಗೆ ಬಂದವರು ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿಹೋದೆ.

ಮದುವೆಯ ಮರುದಿನ, ಮಂಜು ಕರಗುವ ಮೊದಲೇ, ಆಯಿ ಸೆಗಣಿ ಬುಟ್ಟಿ ಹಿಡಿದು ಬಂದಳು. ಮದುವೆ ಮುಗಿಯಲೆಂದೇ ಕಾಯುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಕೈ ಒದ್ದೆ ಮಾಡಿಕೊಂಡು ಒಂದು ಎಸಳನ್ನು ತಿಕ್ಕಿದಳು. ಬಣ್ಣ ಹೋಗಲಿಲ್ಲ. ಗೋಡೆಯುದ್ದಕ್ಕೂ ನಡೆದು ನನ್ನ ಹೂಗಳ ನಡುವೆ ಜಾಗ ಹುಡುಕಿದಳು. ನಾನು ಎಲ್ಲಿಯೂ ಬಿಟ್ಟಿರಲಿಲ್ಲ.

“ಭಾಳ ಚಂದ ತಗದೀಯವ್ವಾ,” ಅಂದಳು. “ಖರೇ, ಇನ್ನ ನಾ ಎಲ್ಲಿ ತಟ್ಟಲಿ?”

ಆಯಿ ಬುಟ್ಟಿಯನ್ನು ತಿಪ್ಪೆಗೆ ಸುರಿದು, ಕೈ ತೊಳೆದುಕೊಂಡು ಒಳಗೆ ಹೋದಳು.