ಸುರಗಿಯಲ್ಲಿ ಅವ್ವ ಹಾಡಿದ್ದು

ಅವ್ವ ಹೋದ ಮೇಲೆ, ಒಮ್ಮೆಯೂ ಹಾಕಿ ನೋಡಿರದ ನನ್ನ ಮದುವೆಯ ಸಿ.ಡಿ.ಯನ್ನು ಪೆಟ್ಟಿಗೆಯಿಂದ ತೆಗೆದೆ. ಅದರೊಳಗಿನ ಫೈಲು ಯಾವುದೋ ಹಳೆಯ ನಮೂನೆಯದು. ಮನೆಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಅಫಜಲಪುರದಿಂದ ಆಳಂದಕ್ಕೆ ಒಯ್ದೆ. ಅಲ್ಲಿನ ಅಂಗಡಿಯವನು ಫೈಲು ಬದಲಿಸಿ, ಪೆನ್‌ಡ್ರೈವಿಗೆ ಹಾಕಿ, "ಈಗ ಎಲ್ಲಾದ್ರಾಗೂ ನಡೀತದ್ರಿ ಅಕ್ಕಾರ" ಎಂದ.

ನನಗೆ ಬೇಕಾಗಿದ್ದದ್ದು ಒಂದೇ. ಮದುವೆಗೆ ಮುಂಚೆ ಅರಿಶಿನ ಹಚ್ಚಿ, ನನ್ನನ್ನು ಸುರಗಿಗೆ ಕೂಡಿಸಿ ನೀರೆರೆಯುವಾಗ ಅವ್ವ ಹಾಡಿದ್ದಳು. ಆ ದನಿ ಬೇರೆಲ್ಲೂ ಉಳಿದಿಲ್ಲ.

ಅಂಗಡಿಯ ಪರದೆಯ ಮೇಲೆ ಅವ್ವ ಬಾಯಿ ತೆರೆದಳು. ಕೇಳಿದ್ದು ಸಿನಿಮಾ ಹಾಡು.

"ಫೈಲ್ ಕೆಡಿಸಿದಿರೇನ್ರಿ?" ಎಂದು ರೇಗಿದೆ.

"ಇಲ್ರಿ. ಆಗ ಮದುವಿ ವಿಡಿಯೋದಾಗ ಮಂದಿ ಗದ್ದಲ ತೆಗೆದು ಪಿಚ್ಚರ್ ಹಾಡು ಕೂಡಸ್ತಿದ್ರು. ಎಲ್ಲಾರೂ ಹಂಗೇ ಮಾಡ್ತಿದ್ರು. ಅಸಲು ದನಿ ಇದ್ರಾಗ ಇಲ್ಲೇ ಇಲ್ಲ."

ಆ ಗದ್ದಲದ ಲೆಕ್ಕದಲ್ಲೇ ನನ್ನವ್ವನೂ ಹೋಗಿದ್ದಳು.

"ಹಂಗಾರ ಈ ಹಾಡೂ ತೆಗೀರಿ" ಎಂದೆ.

"ಬರೇ ಬಾಯಿ ಅಳ್ಳಾಡ್ತದ್ರಿ."

"ಅಳ್ಳಾಡ್ಲಿ. ಆಕಿ ಹಾಡು ನನಗ ಬರ್ತದ."

ಮನೆಗೆ ಬಂದು ಅವಳ ತುಟಿ ನೋಡುತ್ತ ನಾನೇ ಹಾಡಿದೆ. ಮೊದಲ ನುಡಿಗಳು ಸರಿಯಾಗಿ ಕೂಡಿದವು. ಕೊನೆಯದಕ್ಕೆ ಅವಳ ತುಟಿ ಬೇರೆ ಮಾತಿಗೆ ಹೊರಳಿತು. ನಮ್ಮ ಮನೆಯ ಹೆಂಗಸರು ಮಗಳಿಗೆಂದೇ ಒಂದು ನುಡಿ ಕಟ್ಟಿ ಕೊನೆಗೆ ಸೇರಿಸುತ್ತಾರೆ. ಅವ್ವ ನನಗೆ ಏನು ಕಟ್ಟಿದ್ದಳೋ, ಎಷ್ಟು ನೆನೆದರೂ ಬರಲಿಲ್ಲ. ವಿಡಿಯೋದಲ್ಲಿ ನಾನು ಅರಿಶಿನದ ಮುಖವೆತ್ತಿ ಅದನ್ನು ಕೇಳುತ್ತ ನಗುತ್ತಿದ್ದೇನೆ.