ಇಪ್ಪತ್ತೆರಡು ಬೈ ಏಳು

ಗಣಿತದ ಟೀಚರಿಗೆ ಮರೆವು ಜಾಸ್ತಿ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾಳೆ. ಆದರೆ ಒಂದು ಅವಮಾನವನ್ನು ಮಾತ್ರ ಹಲ್ಲುಕಚ್ಚಿ ಕಾಪಾಡಿಕೊಂಡು ಬಂದಿದ್ದಳು. ಅವಳು ಈಗ ಪಾಠ ಮಾಡುವ ಶಾಲೆಯಲ್ಲೇ ಓದುತ್ತಿದ್ದಾಗ ಹಿರಿಯ ಮೇಷ್ಟ್ರು, "ಪೈ ಅಂದ್ರೆ ಇಪ್ಪತ್ತೆರಡು ಬೈ ಏಳು. ಅದು ಅಭಾಗಲಬ್ಧ ಸಂಖ್ಯೆ" ಎಂದಿದ್ದರು. "ಭಿನ್ನರಾಶಿಯಾಗಿ ಬರೆಯೋಕೆ ಬಂದ್ರೆ ಅದು ಭಾಗಲಬ್ಧ ಅಲ್ವಾ ಸಾರ್?" ಎಂದು ಕೇಳಿದ್ದಕ್ಕೆ ಅವಳನ್ನು ಬೆಂಚು ಹತ್ತಿಸಿ, "ಅಧಿಕಪ್ರಸಂಗಿ" ಎಂದು ಹೆಸರಿಟ್ಟರು. ನಿಜ ಹೇಳಿದವರಿಗೆ ಸಿಗುವ ಬಹುಮಾನ ನೋಡಿ! ಆ ಹೆಸರು ಮದುವೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

ಛಲ ಹಿಡಿದು ಗಣಿತವನ್ನೇ ಓದಿ ಅಲ್ಲಿಗೇ ಟೀಚರಾಗಿ ಬಂದಳು; ಆ ಮೇಷ್ಟ್ರು ಇನ್ನೂ ಅಲ್ಲೇ ಇದ್ದರು. ಎಣಿಸಲು ಸ್ವಾಭಾವಿಕ ಸಂಖ್ಯೆ, ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆ, ಸೊನ್ನೆಯ ಕೆಳಗಿನವೂ ಸೇರಿದರೆ ಪೂರ್ಣಾಂಕ ಎಂದು ಮಕ್ಕಳಿಗೆ ನೀರು ಕುಡಿದಷ್ಟು ಸುಲಭ ಮಾಡಿದಳು. ಪೈ ಬಂದಾಗ ಮಾತ್ರ ಅವಳ ಧ್ವನಿ ಬಿಗಿಯಾಗುತ್ತಿತ್ತು. "ಪೈಯ ದಶಮಾಂಶಕ್ಕೆ ಕೊನೆಯೂ ಇಲ್ಲ, ಅಂಕಿಗಳು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಬರೋದೂ ಇಲ್ಲ. ಅದು ಅಭಾಗಲಬ್ಧ. ಇಪ್ಪತ್ತೆರಡು ಬೈ ಏಳು ಅದರ ಹತ್ತಿರದ ನೆಂಟ ಅಷ್ಟೆ. ಅದು ಭಾಗಲಬ್ಧ, ನೆನಪಿಟ್ಕೊಳ್ಳಿ."

ಮುಖ್ಯೋಪಾಧ್ಯಾಯರ ಕುರ್ಚಿ ಖಾಲಿಯಾಯಿತು. ಅದು ಸಿಗಬೇಕಾದರೆ ಹಿರಿಯ ಮೇಷ್ಟ್ರು ಶಿಕ್ಷಣ ಇಲಾಖೆಯ ಅಧಿಕಾರಿಯ ಮುಂದೆ ಟೀಚರ ತರಗತಿಗೆ ಸಂಖ್ಯೆಗಳ ವಿಧಗಳ ಪಾಠ ಮಾಡಬೇಕಿತ್ತು.

"ನನ್ನ ಪಾಠದಲ್ಲಿ ಏನಾದ್ರೂ ತಿದ್ಕೋಬೇಕೇನಮ್ಮ?" ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಅವಳನ್ನು ಕೇಳಿದರು.

"ನಿಮಗೆ ಹೇಳೋಷ್ಟು ದೊಡ್ಡವಳಾ ಸಾರ್ ನಾನು?" ಎಂದು ನಕ್ಕಳು. ಬಿತ್ತಿದ್ದನ್ನೇ ಬೆಳೆದುಕೊಳ್ಳಲಿ ಎಂಬುದು ಅವಳ ಲೆಕ್ಕ.

ಮರುದಿನ ಮೇಷ್ಟ್ರು ಅದೇ ತಪ್ಪನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದರು. ಕೊನೆಯ ಸಾಲಿನಲ್ಲಿ ಕುಳಿತ ಟೀಚರಿಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು, "ಸಾರ್, ಇಪ್ಪತ್ತೆರಡು ಬೈ ಏಳು ಭಾಗಲಬ್ಧ. ನಮ್ಮ ಮಿಸ್ ಹೇಳ್ಕೊಟ್ಟಿದ್ದಾರೆ" ಎಂದಳು.

"ಹೌದಾ? ಹಾಗಾದ್ರೆ ಬೆಂಚು ಹತ್ತಿ ನೀನೇ ಪಾಠ ಮಾಡು."

ತರಗತಿ ನಕ್ಕಿತು. ಬೆಂಚಿನ ಮೇಲೆ ನಿಂತ ಹುಡುಗಿ ಹಿಂತಿರುಗಿ ಟೀಚರ ಮುಖವನ್ನೇ ನೋಡಿದಳು. ಟೀಚರ್ ತುಟಿ ಬಿಚ್ಚಲಿಲ್ಲ. ಇನ್ನೂ ಮುಳುಗಲಿ, ತಲೆ ಕಾಣದಂತೆ ಮುಳುಗಲಿ ಈ ಮನುಷ್ಯ.

ಪಾಠ ಮುಗಿದ ಮೇಲೆ ಅಧಿಕಾರಿಯೇ ತಪ್ಪನ್ನು ಎತ್ತಿ ತೋರಿಸಿದರು. ಕುರ್ಚಿ ಮೇಷ್ಟ್ರ ಕೈತಪ್ಪಿತು. ಟೀಚರಿಗೆ ಹೊಟ್ಟೆ ತಣ್ಣಗಾಯಿತು. ಹುಡುಗಿಯನ್ನು ಹುಡುಕಿಕೊಂಡು ಹೋಗಿ ಭುಜ ತಟ್ಟಿ, "ಶಭಾಷ್, ನೀನು ಹೇಳಿದ್ದೇ ಸರಿ" ಎಂದಳು.

"ಸಾರ್‌ಗೆ ಗೊತ್ತಿರ್ಲಿಲ್ಲ, ಅದಕ್ಕೆ ಬೆಂಚು ಹತ್ತಿಸಿದ್ರು" ಎಂದಳು ಹುಡುಗಿ. "ನಿಮಗೆ ಗೊತ್ತಿತ್ತಲ್ಲ ಮಿಸ್?"

ಭುಜದ ಮೇಲಿನ ಕೈಯನ್ನು ಸರಿಸಿ ಅವಳು ತರಗತಿಯೊಳಗೆ ಹೋದಳು.